ಮಂಡಿಯ ನೆಪ

ನೋರ್‌ವಿಕಾ,
ಮೇ ೧೧, ಭಾನುವಾರ

ಮಗಳು ಸುನ್ನಿವಾಗೆ,

ಅಪ್ಪನ ಪ್ರೀತಿಯ ನೆನಪುಗಳು. ನಾನು ನನ್ನ ಕೈಯಾರೆ ಬರೆದ ಕಾಗದ ನಿನಗೆ ಇದುವರೆಗೆ ಬಂದೇ ಇಲ್ಲವೇನೋ. ಹುಟ್ಟುಹಬ್ಬಕ್ಕೆ ನಿನ್ನ ಅಮ್ಮ ಬರೆದ ಕಾರ್ಡಿನ ಕೆಳಗೆ ಒಂದು ಸಹಿ ಗೀಚುತ್ತಿದ್ದೆ, ಅಷ್ಟೆ. ಜೀವನವೆಲ್ಲ ದೋಣಿಯ ಎಂಜಿನ್ ಬಿಚ್ಚಿ ಕಟ್ಟಿದ ಕೈ ಇದು, ಅಕ್ಷರ ಕೋಳಿ ಕೆದರಿದ ಹಾಗಿದೆ. ಸಹಿಸಿಕೋ.

ಫೋನ್ ಮಾಡಬಹುದಿತ್ತು. ಮಾಡಿದೆನಲ್ಲ, ಎರಡು ಸಲ. ಎರಡು ಸಲವೂ ನೀನು ಮೊದಲು ಕೇಳಿದ್ದು, "ಮಂಡಿ ಹೇಗಿದೆ ಅಪ್ಪಾ?" ಅಂತ. ಮಳೆ ಬಂತು, ಗಾಳಿ ಬೀಸಿತು ಅಂತ ಏನೋ ಒದರಿ ಇಟ್ಟುಬಿಟ್ಟೆ. ಹೀಗೆ ತಡವಾಯಿತು. ತಡಕ್ಕೆ ಕ್ಷಮಿಸು. ಕ್ಷಮೆ ಕೇಳುವುದು ಇನ್ನೂ ಇದೆ, ಇದು ಬರಿಯ ಆರಂಭ.

ಅಮ್ಮ ಚೆನ್ನಾಗಿದ್ದಾಳೆ. ಮುಂದಿನ ಶನಿವಾರ ಹದಿನೇಳನೆಯ ತಾರೀಖಲ್ಲವೇ, ರಾಷ್ಟ್ರೀಯ ದಿನದ ಮೆರವಣಿಗೆಗೆ ಅಂತ ಕಸೂತಿ ಲಂಗ ತೆಗೆದು ಇಸ್ತ್ರಿ ಮಾಡಿ ಬಾಗಿಲ ಮೇಲೆ ನೇತುಹಾಕಿದ್ದಾಳೆ. ಸೊಂಟದ ಹತ್ತಿರ ಮತ್ತೆ ಬಿಗಿಯಾಗಿದೆಯಂತೆ, ಅದಕ್ಕೂ ನನ್ನನ್ನೇ ಬೈಯುತ್ತಾಳೆ. ಪಕ್ಕದ ಮನೆ ಪೆಡರ್‌ನ ಕುರಿಗಳು ಮರಿ ಹಾಕಿವೆ. ಒಂದು ಮರಿಗೆ ತಾಯಿ ಹಾಲು ಕೊಡುತ್ತಿಲ್ಲ. ಅದನ್ನು ಅಡುಗೆಮನೆಯ ಒಲೆಯ ಪಕ್ಕ ಡಬ್ಬದಲ್ಲಿ ಇಟ್ಟುಕೊಂಡಿದ್ದಾನೆ. ಹಿತ್ತಿಲಲ್ಲಿ ರಬಾರ್ಬ್ ಗಿಡದ ಕೆಂಪು ಚಿಗುರು ಮೂತಿ ತೋರಿಸಿದೆ. ಹಿಮ ಭೂರ್ಜ ಮರಗಳವರೆಗೆ ಹಿಂದೆ ಸರಿದಿದೆ. ಗೈಟ್‌ಹೊರ್ನ್ ಬೆಟ್ಟ ಮಾತ್ರ ಇನ್ನೂ ಬೆಳ್ಳಗಿದೆ. ಹಿಮ ಕುಸಿದ ಜಾಗದಲ್ಲಿ ಒಂದು ಬೂದು ಪಟ್ಟೆ ಕಾಣುತ್ತದೆ. ಆ ಕಡೆಯ ಕಿಟಕಿಯ ಹತ್ತಿರ ನಾನೀಗ ಕಾಫಿ ಕುಡಿಯುವುದಿಲ್ಲ.

ನಿನ್ನ ಕಾರ್ಡ್ ಬಂತು. ಅಮ್ಮ ಗಟ್ಟಿಯಾಗಿ ಓದಿದಳು. ಸಾಲ್ಮನ್ ಮೀನಿನ ಕಾರ್ಖಾನೆಯಲ್ಲಿ ಪೆಟ್ಟಿಗೆ ತುಂಬುವ ಕೆಲಸ ಸಿಕ್ಕಿದೆ, ಕೈ ಯಾವಾಗಲೂ ತಣ್ಣಗಿರುತ್ತದೆ, ಆದರೆ ಅಲ್ಲಿ ಯಾರೂ ಏನೂ ಕೇಳುವುದಿಲ್ಲ ಅಂತ ಬರೆದಿದ್ದೆ. ಬರುವ ವಾರ ಸ್ಕೀ ಶಿಕ್ಷಕಿಯ ಬಿಲ್ಲೆಯನ್ನು ವಾಪಸು ಕೊಟ್ಟುಬಿಡುತ್ತೇನೆ ಅಂತಲೂ ಬರೆದಿದ್ದೆ. ಕೊನೆಯಲ್ಲಿ, "ಹಿಮ ಓದೋಕೆ ನನಗೆ ಬರಲ್ಲ ಅಮ್ಮಾ. ಬರದೇ ಇರೋಳು ಬೇರೆಯವರಿಗೆ ಕಲಿಸಬಾರದು."

ಅಮ್ಮ ಕನ್ನಡಕ ತೆಗೆದು ನನ್ನ ಕಡೆ ನೋಡಿದಳು. "ಆವತ್ತು ಮುಂದೆ ಇದ್ದವನು ನೀನಲ್ವಾ ಓಡ್ವಾರ್? ನಿನಗೂ ಏನೂ ಕಾಣಿಸ್ಲಿಲ್ವಾ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಮಂಡಿ ಮುಟ್ಟಿ ನೋಡಿಕೊಂಡೆ.

ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ನನ್ನ ಮಂಡಿಗೆ ಏನೂ ಆಗಿರಲಿಲ್ಲ ಸುನ್ನಿವಾ. ಆವತ್ತೂ ಆಗಿರಲಿಲ್ಲ, ಈವತ್ತೂ ಆಗಿಲ್ಲ.

ಹೇಗಾಯಿತು ಅಂತ ಹೇಳುತ್ತೇನೆ. ಇದು ಸಮರ್ಥನೆ ಅಲ್ಲ. ಎಲ್ಲವನ್ನೂ ಹೇಳದಿದ್ದರೆ ನೀನು ಮತ್ತೆ ತಪ್ಪನ್ನೆಲ್ಲ ನಿನ್ನ ತಲೆಗೇ ಕಟ್ಟಿಕೊಳ್ಳುತ್ತೀಯ, ಅದಕ್ಕೆ.

ಅರವತ್ತು ತುಂಬಿದ್ದಕ್ಕೆ ಉಡುಗೊರೆ ಅಂತ ನೀನೂ ಅಮ್ಮನೂ ಸೇರಿ ನನ್ನನ್ನು ಆ ಮೇಲ್ದರ್ಜೆಯ ಸ್ಕೀ ತರಗತಿಗೆ ಸೇರಿಸಿದಿರಲ್ಲ, ನಾನು ಮುಖದ ಮೇಲೆ ನಕ್ಕೆ, ಒಳಗೆ ಉರಿದುಹೋದೆ. ಈ ಬೆಟ್ಟವನ್ನು ನನಗೆ ಕಲಿಸುವುದೇ? ಅದೂ ಯಾರು? ಮೂಗು ಸುರಿಸಿಕೊಂಡು ನನ್ನ ಸ್ಕೀ ಹಿಂಬದಿ ಹಿಡಿದು ನಿಲ್ಲಲು ಕಲಿತವಳು! ಮೊದಲ ದಿನವೇ ನೀನು ಎಲ್ಲರ ಎದುರು, "ಇಲ್ಲಿ ನಾನು ನಿನ್ನ ಮಗಳಲ್ಲ ಓಡ್ವಾರ್, ಸಾಲಲ್ಲಿ ನಿಲ್ಲು" ಅಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಆಮೇಲೆ ನೀನು ಒಳಗೆ ಬೀಪರ್ ಇಟ್ಟು ಹಿಮದಲ್ಲಿ ಹೂತ ಚೀಲವನ್ನು ಹುಡುಕುವ ಪರೀಕ್ಷೆ. ಹಿಮದಡಿ ಸಿಕ್ಕವರ ಸಂಕೇತ ಹಿಡಿಯಲು ಎದೆಗೆ ಕಟ್ಟಿದ ಬೀಪರಿನ ಬಾಣ ಬಾಗಿ ಬಾಗಿ ತೋರಿಸುತ್ತದೆ, ನಾನು ನನ್ನ ಪಾಡಿಗೆ ಮೂಗಿನ ನೇರಕ್ಕೆ ನಡೆದೆ. ತರಗತಿಯಲ್ಲಿದ್ದ ಹಲ್ಲಿನ ಡಾಕ್ಟರಮ್ಮ ತನ್ನ ಪಾಲಿನ ಚೀಲ ಅಗೆದು ತೆಗೆದು, ಕಿತ್ತಳೆ ಸುಲಿದು ತಿಂದು ಮುಗಿಸಿದರೂ ನಾನಿನ್ನೂ ಕೋಲು ಚುಚ್ಚುತ್ತಲೇ ಇದ್ದೆ. "ಅದು ತೋರಿಸಿದ ಕಡೆ ಹೋಗು ಓಡ್ವಾರ್, ನಿನಗೆ ತೋಚಿದ ಕಡೆ ಅಲ್ಲ" ಅಂದೆ ನೀನು. ಡಾಕ್ಟರಮ್ಮ, "ಸದ್ಯ, ಚೀಲಕ್ಕೆ ಉಸಿರು ಇರಲಿಲ್ಲ" ಅಂದಳು. ಮತ್ತೆ ಎಲ್ಲರೂ ನಕ್ಕರು. ಆ ರಾತ್ರಿ ಊಟ ಮಾಡುವಾಗ ಒಂದು ತೀರ್ಮಾನ ಮಾಡಿಕೊಂಡೆ. ಯಂತ್ರ ಹಿಡಿಯುವುದರಲ್ಲಿ ಸೋತರೆ ಸೋತೆ, ಬೆಟ್ಟದ ಮೇಲೆ ಮಾತ್ರ ಈ ಜನರ ಎದುರು ಹಿಂದೆ ಬೀಳುವವನಲ್ಲ ಅಂತ.

ಪೆಡರ್ ವಿಷಯ ನಿನಗೆ ಗೊತ್ತು. ಎರಡು ವರ್ಷದ ಹಿಂದೆ ಅವನು ಗೈಟ್‌ಹೊರ್ನ್‌ನಿಂದ ಅರ್ಧಕ್ಕೇ ತಿರುಗಿ ಬಂದಾಗ ನಾನು ಅವನನ್ನು ಹೇಗೆ ಆಡಿಕೊಂಡೆ! ಅಂಗಡಿಯ ಕಾಫಿ ಮೇಜಿನ ಹತ್ತಿರ ಅವನು ಬಂದರೆ ಸಾಕು, ಚಾಕಲೇಟಿನ ಕಾಗದ ಬಿಚ್ಚಿ ಒಳಗೆ ಅಚ್ಚಾದ ಬೆಟ್ಟದ ನಿಯಮಗಳನ್ನು ಪಾದ್ರಿಯ ದನಿಯಲ್ಲಿ ಓದುತ್ತಿದ್ದೆ. "ಹೊತ್ತಿಗೆ ಮುಂಚೆ ತಿರುಗಿಕೊಳ್ಳಿ, ತಿರುಗುವುದರಲ್ಲಿ ನಾಚಿಕೆ ಇಲ್ಲ." ಚಳಿಗಾಲ ಮುಗಿಯುವ ತನಕ ಅವನು ತಿರುಗು-ಪೆಡರ್ ಆಗಿಬಿಟ್ಟ. ಮಕ್ಕಳೂ ಹಾಗೇ ಕರೆದರು. ಈ ಊರಿನಲ್ಲಿ ಹುಟ್ಟಿದ ಪ್ರತಿ ಮಗುವಿಗೂ ಆ ಸಾಲು ಬಾಯಿಪಾಠ. ಅದು ಸುಳ್ಳು, ನಾಚಿಕೆ ಇದೆ ಅಂತ ಜನರಿಗೆ ಕಲಿಸಿದವನು ನಾನು.

ಮೂರನೆಯ ದಿನ ಗೈಟ್‌ಹೊರ್ನ್ ಹತ್ತುವಾಗ ನೀನು ಹಿಮದಲ್ಲಿ ಗುಂಡಿ ತೋಡಿಸಿ, ಕಂಬದ ಹಾಗೆ ಕತ್ತರಿಸಿ, ಮೇಲಿಂದ ಸಲಿಕೆ ಬಡಿದು ತೋರಿಸಿದೆ. ಗಾಳಿ ಕಟ್ಟಿದ ಗಟ್ಟಿ ಹಲಗೆಯ ಕೆಳಗೆ ಸಕ್ಕರೆಯ ಹಾಗೆ ಉದುರುವ ಪದರ. ಪದರ ತೆಳ್ಳಗಿದೆ, ಅಪಾಯ ಮಧ್ಯಮ ಅಂದೆ ನೀನು. "ಒಂದು ಗುಂಡಿ ನೋಡಿ ಇಡೀ ಬೆಟ್ಟವನ್ನ ನಂಬಬೇಡಿ. ಮುಂದೆ ಹೋಗೋರೇ ನಮ್ಮ ಕಣ್ಣು, ಕಿವಿ. ಕಂಡಿದ್ದು, ಕೇಳಿದ್ದು ಕೂಗಿ ಹೇಳಿ. ತಪ್ಪಾದ್ರೂ ಯಾರೂ ನಗಲ್ಲ. ಒಬ್ಬರು ಬೇಡ ಅಂದ್ರೂ ಎಲ್ಲರೂ ವಾಪಸ್. ಯಾಕೆ ಅಂತ ಕೇಳೋ ಹಾಗಿಲ್ಲ." ಒಬ್ಬೊಬ್ಬರ ನಡುವೆ ದೂರ ಬಿಟ್ಟು ನಡೆಯಲು ಹೇಳಿ, ಮುಂದೆ ನಡೆದು ದಾರಿ ಮಾಡುವ ಸರದಿ ನನಗೆ ಕೊಟ್ಟೆ. "ಕಪ್ಪು ಬಂಡೆ ಹತ್ರ ನಿಲ್ಲು, ನಾನು ಬರೋ ತನಕ ಆಚೆ ಹೋಗಬೇಡ" ಅಂದೆ.

ನಾನು ನಿಲ್ಲಲಿಲ್ಲ. ಬಂಡೆಯ ಆಚೆಗೆ ಹೋದೆ. ಮೊದಲಿಂದ ನಾನು ಹತ್ತುವ ದಾರಿ ಅದೇ, ನಿನ್ನ ಅಪ್ಪಣೆ ಯಾಕೆ ಬೇಕು ಅನ್ನುವ ಧಿಮಾಕು. ನಿಮ್ಮೆಲ್ಲರಿಗೂ ಮರೆಯಾಗಿ ನಾಲ್ಕು ಹೆಜ್ಜೆ ಹೋಗಿರಬೇಕು, ಕಾಲ ಕೆಳಗೆ ಹಿಮ ಕುಳಿತುಕೊಂಡಿತು. ನೀನು ಹೇಳಿಕೊಟ್ಟ ಅದೇ ಸದ್ದು, ಹಳೇ ಹಾಸಿಗೆಯ ಮೇಲೆ ದಪ್ಪ ಆಳು ಧೊಪ್ಪನೆ ಕುಳಿತ ಹಾಗೆ. ಹೊಟ್ಟೆಯೊಳಗೆ ಕೇಳಿಸಿತು. ಸ್ಕೀ ತುದಿಯಿಂದ ಒಂದು ಬಿರುಕು ಹೊರಟು ಇಳಿಜಾರಿನ ಅಡ್ಡಕ್ಕೆ ಓಡಿತು. ಬೆರಳು ತೂರಿಸುವಷ್ಟು ಅಗಲ.

ನಾನು ಹೆದರಿದೆ. ಇಷ್ಟು ವರ್ಷದಲ್ಲಿ ಹಾಗೆ ಹೆದರಿದ್ದೇ ಇಲ್ಲ. ಒಂದು ಮಾತು ಕೂಗಿದ್ದರೆ ಆಗುತ್ತಿತ್ತು. ನೀನು ಬಂದು ನೋಡಿ, ಬೆನ್ನು ತಟ್ಟಿ, ಎಲ್ಲರಿಗೂ ಬಿರುಕು ತೋರಿಸಿ ಪಾಠ ಮಾಡುತ್ತಿದ್ದೆ. ಆದರೆ ನನ್ನ ಕಣ್ಣಿಗೆ ಬಂದದ್ದು ಡಾಕ್ಟರಮ್ಮನ ನಗು, ಅಂಗಡಿಯ ಮೇಜು, ಪೆಡರ್. ನಿಲ್ಲು ಅಂದಲ್ಲಿ ನಿಲ್ಲದೆ ಹೋಗಿ ಹೆದರಿ ಓಡಿಬಂದವನು ಅಂತ ಊರೆಲ್ಲ ಹೇಳಿಕೊಳ್ಳುವುದು. ಆಗ ನಾನು ಮಾಡಿದ್ದನ್ನು ಬರೆಯಲು ಕೈ ಬರುತ್ತಿಲ್ಲ. ಸ್ಕೀಯಿಂದ ಹಿಮ ಎಳೆದು ನನ್ನ ಕಾಲ ಹತ್ತಿರದ ಬಿರುಕನ್ನು ಮುಚ್ಚಿದೆ. ಮೆಲ್ಲಗೆ ಬಂಡೆಯವರೆಗೆ ಬಂದು, ಹಲ್ಲು ಕಚ್ಚಿ, ಮಂಡಿ ಹಿಡಿದುಕೊಂಡು ಕುಳಿತೆ.

ನೀನು ಓಡಿ ಬಂದೆ. "ಏನಾಯ್ತು?"

"ಮಂಡಿ. ತಿರುಚಿಕೊಂಡ್ತು. ಹಾಳಾದ್ದು."

"ಆಚೆ ಏನಾದ್ರೂ ಕಂಡ್ಯಾ? ಸದ್ದು ಗಿದ್ದು?"

"ಏನಿಲ್ಲ. ಹಿಮ ಬೆಣ್ಣೆ ಇದ್ದ ಹಾಗಿದೆ. ನೀವು ಹೋಗಿ, ನನ್ನಿಂದ ನಿಮಗೂ ಯಾಕೆ ತೊಂದರೆ."

ಈ ಕೊನೆಯ ಮಾತನ್ನೂ ಅಂದೆ, ನೆನಪಿಟ್ಟುಕೋ. ನೀನು ಹೂಂ ಅಂದು ಹೊರಟಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ, ನನಗೇ ಗೊತ್ತಿಲ್ಲ. ನೀನು ಹೋಗಲಿಲ್ಲ. ಒಬ್ಬನಿಗೆ ಆಗದಿದ್ದರೆ ಎಲ್ಲರಿಗೂ ಆಗದು ಅಂದು ಎಲ್ಲರನ್ನೂ ತಿರುಗಿಸಿದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಡಾಕ್ಟರಮ್ಮ ನನ್ನ ಚೀಲವನ್ನೂ ಹೊತ್ತಳು.

ನೀವೆಲ್ಲ ಕೆಳಗೆ ಜಾರಿದಿರಿ. ನಾನು ಕುಂಟುವ ನಾಟಕ ಮಾಡಿಕೊಂಡು ಹಿಂದೆ ಬರುತ್ತಿದ್ದೆ. ಭೂರ್ಜ ಮರಗಳ ಹತ್ತಿರ, ಮೇಲಕ್ಕೆ ಹೊರಟಿದ್ದ ವೇಮುಂಡ್ ಎದುರಾದ. ನಿನಗೂ ಸಿಕ್ಕಿದ್ದನಂತೆ. ಅಪ್ಪ ಬಂಡೆಯವರೆಗೆ ಹೋಗಿದ್ದ, ಕೆಟ್ಟದ್ದೇನೂ ಕಾಣಲಿಲ್ಲವಂತೆ ಅಂತ ನೀನು ಅವನಿಗೆ ಹೇಳಿದೆಯಂತೆ. ಆ ಮಾತಿಗೇ ನೀನು ಇಷ್ಟು ದಿನ ನಿನ್ನನ್ನು ಸುಟ್ಟುಕೊಳ್ಳುತ್ತಿದ್ದೀಯ. ಆಮೇಲೆ ಅವನು ನನಗೆ ಸಿಕ್ಕಿದ್ದು ನಿನಗೆ ಗೊತ್ತಿಲ್ಲ.

ವೇಮುಂಡ್ ನನ್ನ ದೋಣಿಯಲ್ಲೇ ಹಗ್ಗ ಕಟ್ಟಲು ಸೇರಿದವನು. ಎಂಜಿನ್ ಕೋಣೆಯಲ್ಲಿ ನನ್ನ ಕೈಕೆಳಗೆ ಎಣ್ಣೆ ಬಳಿದುಕೊಂಡು ಕೆಲಸ ಕಲಿತ. ನನ್ನನ್ನು ನೋಡಿ ಕಣ್ಣರಳಿಸಿದ.

"ಓಡ್ವಾರ್! ನೀವು ತಿರುಗಿ ಬಂದ್ರಾ? ಹಂಗಾದ್ರೆ ಮೇಲೆ ಕೆಟ್ಟಿರ್ಬೇಕು. ನೀವೇ ತಿರುಗಿದ್ಮೇಲೆ ನಾನೂ ತಿರುಗ್ತೀನಪ್ಪ."

ಹತ್ತುವಾಗ ಜಾರದಂತೆ ಸ್ಕೀ ಅಡಿಗೆ ಅಂಟಿಸಿದ ಪಟ್ಟಿ ಕೀಳಲು ಬಗ್ಗಿಯೂ ಬಗ್ಗಿದ. ಸುಮ್ಮನಿದ್ದಿದ್ದರೆ ಸಾಕಿತ್ತು ಮಗಳೇ. ಏನೂ ಹೇಳಬೇಕಾಗಿರಲಿಲ್ಲ. ಆದರೆ ಇವನು ನಾಳೆ ದೋಣಿಯಲ್ಲಿ, "ಓಡ್ವಾರೂ ತಿರುಗಿದ ಕಣ್ರೋ" ಅಂತ ಹೇಳುತ್ತಾನಲ್ಲ ಅನ್ನಿಸಿತು.

"ಥೂ, ನಾನು ಹೆದರಿ ತಿರುಗಿದ್ದು ಅಂದ್ಕೊಂಡ್ಯಾ? ಮಂಡಿ ಕಣೋ ಕೈಕೊಟ್ಟಿದ್ದು. ಮೇಲೆ ಬೆಣ್ಣೆ ಇದೆ, ಬೆಣ್ಣೆ! ನನ್ನ ದಾರಿ ಬಿದ್ದಿದೆ, ಅದನ್ನೇ ಹಿಡಿದು ಹೋಗು. ಈ ವಯಸ್ಸಿಗೆ ನೀನೂ ತಿರುಗು-ಪೆಡರ್ ಆಗ್ತೀಯಾ?"

ಅವನ ಮುಖ ಕೆಂಪಾಯಿತು. ಪಟ್ಟಿಯನ್ನು ಮತ್ತೆ ಒತ್ತಿ ಅಂಟಿಸಿಕೊಂಡು ಹೋದ.

ಮುಂದಿನದು ನಿನಗೆ ಗೊತ್ತು. ಕೆಳಗೆ, ಬೇಸಿಗೆಯಲ್ಲಿ ದನ ಕಟ್ಟುವ ಕೊಟ್ಟಿಗೆಗಳ ಹತ್ತಿರ ನಾವು ಬುತ್ತಿ ಬಿಚ್ಚಿ ಕುಳಿತಿದ್ದೆವು. ನಾನು ಕಿತ್ತಳೆ ಸುಲಿಯುತ್ತಾ ಮೇಲೆ ನೋಡುತ್ತಲೇ ಇದ್ದೆ. ಅವನು ಬಂಡೆ ದಾಟಿದ್ದು ಕಂಡಿತು. ಆಮೇಲೆ ಬೆಟ್ಟದ ಆ ಇಡೀ ಮಗ್ಗುಲಿನ ಹಿಮವೇ ಕಳಚಿ ಬಂತು. ನಿನ್ನ ದನಿಯೊಂದೇ ಅಲ್ಲಿ ನಡುಗದೆ ಇದ್ದದ್ದು. "ಎಲ್ಲರೂ ಬೀಪರನ್ನ ಹುಡುಕೋದಕ್ಕೆ ತಿರುಗಿಸಿ! ಓಡಬೇಡಿ, ಸಾಲಾಗಿ ಬನ್ನಿ! ಕೋಲು ಜೋಡಿಸಿ!" ಬಾಣ ಬಾಗಿದ ಹಾಗೆ ನೀನು ಬಾಗಿ ನಡೆದು, ಬಗ್ಗಿ, ಮೊದಲ ಚುಚ್ಚಿಗೇ ಅವನನ್ನು ಮುಟ್ಟಿದೆ. ಅವನು ಉಳಿದದ್ದು ನೀನು ಕಲಿತದ್ದರಿಂದ, ನೀನು ಕಲಿಸಿದ್ದರಿಂದ. ತೊಡೆಯ ಮೂಳೆ ಮುರಿದು, ತಲೆಗೆ ಪೆಟ್ಟಾಗಿ, ಬದುಕಿದ.

ತನಿಖೆಗೆ ಬಂದವರು ಬಂಡೆಯ ಆಚೆ ಲಕ್ಷಣ ಇದ್ದಿರಲೇಬೇಕು ಅಂದಾಗ ನೀನು ತಲೆ ತಗ್ಗಿಸಿ, "ನಾನೇ ಹೋಗಿ ನೋಡಬೇಕಿತ್ತು. ನಾನು ನೋಡಲಿಲ್ಲ" ಅಂದೆ. ನಾನು ನಿನ್ನ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದೆ, ಮಂಡಿಗೆ ಪಟ್ಟಿ ಕಟ್ಟಿಕೊಂಡು. ನೀನು ಮಾತು ಮುಗಿಸಿ ಹೊರಗೆ ಹೋದೆ. ನಾನು ಅಲ್ಲೇ ಕುಳಿತೆ.

ಆಸ್ಪತ್ರೆಗೂ ಹೋಗಿದ್ದೆ. ಎಲ್ಲ ಹೇಳಿಬಿಡುತ್ತೇನೆ ಅಂತಲೇ ಹೋದದ್ದು. ವೇಮುಂಡ್ ನಗುತ್ತಾ, "ಬೂಟ್ ಹಾಕ್ಕೊಂಡಿದ್ದು ನೆನಪಿದೆ, ಅಷ್ಟೇ. ಆಮೇಲೆ ಹೆಲಿಕಾಪ್ಟರ್. ನಡುವೆ ಏನೇನೂ ಇಲ್ಲ. ನೀವು ಅಗೆದ್ರಂತೆ ನನ್ನ, ಅಮ್ಮ ಹೇಳಿದ್ಲು" ಅಂದ. ಅವನಿಗೆ ನೆನಪಿಲ್ಲ ಅಂತ ಕೇಳಿದ್ದೇ ನನ್ನ ಎದೆ ಹಗುರಾಯಿತು. ಹಗುರಾಯಿತಲ್ಲ ಅಂತ ಹೇಸಿಗೆಯೂ ಆಯಿತು. ಆದರೂ ಬಾಯಿ ಬಿಡಲಿಲ್ಲ. ಅವನ ತಾಯಿ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು, ಹೊರಡುವಾಗ ಹಳದಿ ಹಣ್ಣಿನ ಜಾಮಿನ ಬಾಟಲಿ ಕೊಟ್ಟಳು. ಮನೆಯಲ್ಲಿ ನಿನ್ನ ಅಮ್ಮ ವಾಫಲ್ ಮೇಲೆ ಹಚ್ಚಿಕೊಂಡು ತಿಂದಳು. ನಾನು ಮುಟ್ಟಲಿಲ್ಲ.

ನಿನ್ನ ಕಾರ್ಡ್ ಬಂದ ಮೇಲೆ ತಡೆಯಲಾಗಲಿಲ್ಲ. ನಿನ್ನೆ ಅಮ್ಮನಿಗೆ ಹೇಳಿದೆ. ಅವಳು ಕಿರುಚಾಡುತ್ತಾಳೆ ಅಂದುಕೊಂಡಿದ್ದೆ. ಮೆಲ್ಲಗೆ, "ಇಷ್ಟು ದಿನ ನನ್ನ ಕೈಲಿ ಮಂಡಿಗೆ ಬಿಸಿ ಬಟ್ಟೆ ಇಡಿಸ್ಕೊಂಡೆಯಲ್ಲೋ" ಅಂದಳು. ಆಮೇಲೆ ಹೋಗಿ ನಿನ್ನ ಕೋಣೆಯಲ್ಲಿ ಮಲಗಿದಳು.

ಈವತ್ತು ಬೆಳಿಗ್ಗೆ ಪೆಡರ್ ಹತ್ತಿರ ಹೋದೆ. ಅವನು ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ. ಕೇಳಿದ, ನಗಲಿಲ್ಲ. ನಗಲಿ ಅಂತ ಆಸೆಯಿತ್ತು ನನಗೆ. "ನನ್ನ ಮಾನ ಒಂದು ಚಳಿಗಾಲ ಪೂರ್ತಿ ಹರಾಜು ಹಾಕಿದೆ. ನಾನು ಅದನ್ನ ತಡ್ಕೊಂಡೆ ಕಣೋ. ನಿನ್ನಿಂದ ಒಂದು ದಿನ ತಡ್ಕೊಳ್ಳೋಕೆ ಆಗ್ಲಿಲ್ವಾ?" ಅಂದ. ಕಾಫಿ ಕೊಡಲಿಲ್ಲ. ಸರಿಯಾಗಿಯೇ ಮಾಡಿದ.

ತನಿಖೆಯವರಿಗೆ ಫೋನ್ ಮಾಡಿದ್ದೇನೆ, ನಾಳೆ ಬಂದು ನನ್ನ ಮಾತು ಬರೆದುಕೊಳ್ಳುತ್ತಾರೆ. ಮಂಗಳವಾರದ ದೋಣಿಗೆ ವೇಮುಂಡ್ ಹತ್ತಿರ ಹೋಗುತ್ತೇನೆ. ಅವನ ತಾಯಿಯೂ ಇರುತ್ತಾಳೆ. ಏನು ಬೈದರೂ ಕೇಳಿಕೊಂಡು ಬರುತ್ತೇನೆ. ಈ ಕಾಗದವನ್ನು ನೀನು ಯಾರಿಗೆ ಬೇಕಾದರೂ ತೋರಿಸು.

ಬಿಲ್ಲೆ ವಾಪಸು ಕೊಡಬೇಡ ಅಂತ ಕೇಳಿಕೊಳ್ಳುವ ಹಕ್ಕು ನನಗಿಲ್ಲ. ಆದರೂ ಕೇಳಿಕೊಳ್ಳುತ್ತೇನೆ. ನಿನಗೆ ಹಿಮ ಓದಲು ಬರುತ್ತದೆ. ನೀನು ಕೇಳಬೇಕಾದ್ದನ್ನು ಕೇಳಿದೆ, ಕೇಳಬೇಕಾದವನನ್ನೇ ಕೇಳಿದೆ. ಅವನು ಸುಳ್ಳು ಹೇಳಿದ. ಮುಂದೆ ಯಾರಾದರೂ ಮಂಡಿ ಹಿಡಿದುಕೊಂಡು ಕುಳಿತರೆ ನಂಬಬೇಡ, ಹೋಗಿ ನೋಡು. ಇದೊಂದೇ ನಾನು ನಿನಗೆ ಕಲಿಸಬಹುದಾದ ಪಾಠ.

ಕೈಗೆ ಉಣ್ಣೆಯ ಗವಸು ಹೆಣೆದು ಕಳಿಸುತ್ತಾಳಂತೆ ಅಮ್ಮ, ಕಾರ್ಖಾನೆಯಲ್ಲಿ ರಬ್ಬರಿನದರ ಒಳಗೆ ಹಾಕಿಕೊಳ್ಳಲು. ಹೊತ್ತಿಗೆ ಸರಿಯಾಗಿ ಉಣ್ಣು. ನೀನು ಕಾಲಿಟ್ಟ ಕಡೆ ನೆಲ ಗಟ್ಟಿಯಾಗಿರಲಿ, ನಿನ್ನ ಜೊತೆ ನಡೆಯುವವರ ಮಾತು ನಿಜವಾಗಿರಲಿ. ನಿನಗೆ ಒಳ್ಳೆಯದಾಗಲಿ ಮಗಳೇ.

ನಿನ್ನ ಅಪ್ಪ,
ಓಡ್ವಾರ್

ಮತ್ತೆ: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ತೆಗೆದೆ. ಇದೊಂದನ್ನು ಅಮ್ಮನಿಗೂ ಹೇಳಿಲ್ಲ. ವೇಮುಂಡ್‌ನನ್ನು ಅಗೆದು ತೆಗೆಯುವಾಗ ಸಾಲಿನ ಮುಂದೆ ಬರುವ ಸರದಿ ನನ್ನದಾಗಿತ್ತಲ್ಲ. ಸಲಿಕೆಗೆ ಮೊದಲು ಸಿಕ್ಕಿದ್ದು ಟೋಪಿ, ಆಮೇಲೆ ಕೆನ್ನೆ. ತುಟಿ ನೀಲಿಯಾಗಿತ್ತು, ಬಾಯಿ ತುಂಬ ಹಿಮ. ಆಗ ನನಗೆ ಒಂದು ಯೋಚನೆ ಬಂತು. ಈ ಬಾಯಿ ಮತ್ತೆ ತೆರೆಯದಿದ್ದರೆ ನಾನು ಏನು ಹೇಳಿ ಕಳಿಸಿದೆ ಅನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಸಲಿಕೆ ನಿಂತಿತು. ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಒಂದು ಉಸಿರಿನಷ್ಟು ಇರಬಹುದು, ಹೆಚ್ಚೂ ಇರಬಹುದು. ನೀನು ನನ್ನನ್ನು ಪಕ್ಕಕ್ಕೆ ತಳ್ಳಿ ಬರಿಗೈಯಲ್ಲಿ ಅವನ ಬಾಯಿಯ ಹಿಮ ಬಗೆದೆ. ಅವನು ಕೆಮ್ಮಿದ. ಆಮೇಲೆ ನೀನು ನನ್ನ ಕಡೆ ತಿರುಗಿ, "ಅಯ್ಯೋ ಅಪ್ಪಾ, ಮಂಡಿ ಅಷ್ಟೊಂದು ನೋಯ್ತಿದೆಯಾ?" ಅಂದೆ. ನಾನು ಹೌದು ಅಂದೆ.